ಮಹಾರುದ್ರಪ್ಪನ ಎರಡು ಕಾರು

"ಹೆಂಡ್ತೀನ ಕರಿಯಾಕ ಹೋಗೂದಂದ್ರ ಹೊಸಾ ಕಾರ್ ಛಲೋನೋ, ಹಳೇ ಕಾರ್ ಛಲೋನೋ?"

ಹುಮನಾಬಾದಿನ ಭಾಂಡೆ-ಪಾತ್ರೆ ಅಂಗಡಿಯ ಮಹಾರುದ್ರಪ್ಪ ಈ ಪ್ರಶ್ನೆಯನ್ನು ಯಾರಿಗೂ ಕೇಳಿದ್ದಲ್ಲ. ಅಂಗಡಿಯಲ್ಲಿ ಗಿರಾಕಿಯೇ ಇರಲಿಲ್ಲ. ಅವನು ಒಂದು ದೊಡ್ಡ ತಾಮ್ರದ ಹಂಡೆಯೊಳಗೆ ತಲೆ ಹಾಕಿ ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದ. ಮನಸ್ಸಿನಲ್ಲಿ ಕುದಿಯುತ್ತಿದ್ದ ಮಾತು ತಾನಾಗಿಯೇ ಬಾಯಿಗೆ ಬಂತು. ಆದರೆ ಹಂಡೆಯೊಳಗೆ ಆಡಿದ ಮಾತು ಹಂಡೆಯೊಳಗೇ ಉಳಿಯುವುದಿಲ್ಲ. ಅದು ನಗಾರಿಯ ಹಾಗೆ ಗುಂಯ್ಗುಟ್ಟಿ ಹೊರಬಿದ್ದು, ಪಕ್ಕದ ಉತ್ತಮನ ಚಹಾ ಹೋಟೆಲಿನ ಆರೂ ಬೆಂಚುಗಳಿಗೆ ಸರಿಯಾಗಿ ಕೇಳಿಸಿತು.

ಯಾರಿಗೂ ಅಲ್ಲದ ಪ್ರಶ್ನೆಯನ್ನು ತನಗೆ ಕೇಳಿದ್ದಲ್ಲವೆಂದು ಬಿಟ್ಟುಬಿಡುವ ಮನುಷ್ಯ ಹುಮನಾಬಾದಿನಲ್ಲಿ ಇನ್ನೂ ಹುಟ್ಟಿಲ್ಲ. ಸಂಜೆಯೊಳಗೆ ಅರ್ಧ ಪೇಟೆ ಉತ್ತರ ಹಿಡಿದುಕೊಂಡು ನಿಂತಿತ್ತು.

ಪ್ರಶ್ನೆ ಹುಟ್ಟಿದ ಬಗೆಯನ್ನು ಹೇಳದಿದ್ದರೆ ಮಹಾರುದ್ರಪ್ಪನಿಗೆ ಅನ್ಯಾಯವಾದೀತು. ಹಿಂದಿನ ತಿಂಗಳು ಬಸವಕಲ್ಯಾಣದಲ್ಲಿ ಅವನ ಹೆಂಡತಿ ಲಲಿತಾಬಾಯಿಯ ತವರಿನಲ್ಲಿ ತೊಟ್ಟಿಲ ಕಾರ್ಯವಿತ್ತು. ಕರೆಯಲು ಬಂದ ಅವಳ ತಮ್ಮ ನಾಗನಾಥ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನರೆದುರು, "ಮಾಮಾ, ಹ್ಯಾಂಗ ಬರ್ತೀರಿ?" ಎಂದು ಕೇಳಿದ. ಹತ್ತು ಜನ ಕೇಳುತ್ತಿರುವಾಗ ಬಸ್ಸಿನಲ್ಲಿ ಬರುತ್ತೇನೆ ಅನ್ನುವುದಕ್ಕೆ ಯಾವ ಅಳಿಯನಿಗೆ ಮನಸ್ಸು ಬಂದೀತು? "ಕಾರಿನ್ಯಾಗ ಬರ್ತೀವಲ್ಲ," ಅಂದುಬಿಟ್ಟ. ಯಾವ ಕಾರು, ಯಾರ ಕಾರು ಎಂಬುದು ಅಂದವನಿಗೂ ಗೊತ್ತಿರಲಿಲ್ಲ. ಕಾರ್ಯದ ದಿನ ಬಸ್ಸು ಕೂಡ ತಪ್ಪಿ, ದಂಪತಿಗಳು ಉಳ್ಳಾಗಡ್ಡಿ ಲಾರಿಯಲ್ಲಿ ಚೀಲಗಳ ಮೇಲೆ ಕುಳಿತು ಕಲ್ಯಾಣ ಸೇರಿದರು. ತವರಿನ ಹೆಣ್ಣುಮಕ್ಕಳು ಲಲಿತಾಬಾಯಿಯ ಇಳಕಲ್ ಸೀರೆಯಿಂದ ಉಳ್ಳಾಗಡ್ಡಿಯ ಸಿಪ್ಪೆಗಳನ್ನು ಬಹಳ ಪ್ರೀತಿಯಿಂದ ಒಂದೊಂದಾಗಿ ಆರಿಸಿದರು. ಆರಿಸುತ್ತಾ ಅವಳ ತಂಗಿ ಕೇಳಿದಳು: "ಅಕ್ಕಾ, ನಿಮ್ಮೂರ ಕಾರಿನ್ಯಾಗ ಉಳ್ಳಾಗಡ್ಡಿ ಬೆಳೀತಾವೇನು?"

ಕಾರ್ಯ ಮುಗಿಯಿತು. ಮಹಾರುದ್ರಪ್ಪ ತಿರುಗಿ ಬಂದ. ಲಲಿತಾಬಾಯಿ ಬರಲಿಲ್ಲ. "ಕಾರ್ ಬಂದ್ರ ಬರ್ತೀನಿ, ಇಲ್ಲಂದ್ರ ಇಲ್ಲೇ ಇರ್ತೀನಿ" ಎಂದು ಬಸ್ ಕಂಡಕ್ಟರನ ಬಾಯಲ್ಲಿ ಹೇಳಿಕಳಿಸಿದಳು. ಕಂಡಕ್ಟರ ಅದನ್ನು ಟಿಕೀಟು ಕೂಗುವ ಧ್ವನಿಯಲ್ಲಿಯೇ ತಲುಪಿಸಿದ.

ಅಂದಿನಿಂದ ಮಹಾರುದ್ರಪ್ಪನ ರೊಟ್ಟಿ ಬಾಜೂ ಮನೆಯ ಗಯಾಬಾಯಿ ಅತ್ತಿಯ ಒಲೆಯಿಂದ ಬರುತ್ತಿತ್ತು. ದೂರದ ಸೋದರತ್ತೆಯಾದ ಆಕೆ ರೊಟ್ಟಿಯ ಜೊತೆಗೆ ದಿನಾ ಒಂದೇ ಪಲ್ಯ ಬಡಿಸುತ್ತಿದ್ದಳು: "ಕಾರಿನ್ಯಾಗ ಬರ್ತೀನಂತ ಅಂದವ ನೀನೋ, ನಾನೋ?"

ಊರಲ್ಲಿ ಕಾರುಗಳಿಗೇನು ಬರವಿರಲಿಲ್ಲ. ಅದು ಎಂಬತ್ತೈದೋ ಎಂಬತ್ತಾರೋ ಇಸವಿ. ಆದರೆ ಹೆಂಡತಿಯ ಕಣ್ಣು ತುಂಬುವಂಥ ಕಾರುಗಳು ಎರಡೇ ಇದ್ದವು. ಒಂದು, ದಾಲ್ ಮಿಲ್ಲಿನ ಸಾಹುಕಾರರ ಮಗ ಶಿವರಾಜ ಹೈದರಾಬಾದಿನಿಂದ ಹೊಸದಾಗಿ ತಂದ ಕೆಂಪು ಕಾರು. ಮೆಣಸಿನಕಾಯಿಯಷ್ಟೇ ಕೆಂಪು, ಮೆಣಸಿನಕಾಯಿಯಷ್ಟೇ ಚುರುಕು. ಇನ್ನೊಂದು, ಅಜೀಮುದ್ದೀನ್ ಸಾಹೇಬರ ಅಜ್ಜ ನಿಜಾಮರ ಕಾಲದಲ್ಲಿ ವಿಲಾಯತದಿಂದ ತರಿಸಿದ್ದ ಕಪ್ಪು ಕಾರು. ಅದನ್ನು ಕಾರು ಅಂದರೆ ಸಾಹೇಬರಿಗೆ ನೋವಾಗುತ್ತಿತ್ತು. ಊರವರೆಲ್ಲ 'ಸವಾರಿ' ಎನ್ನುತ್ತಿದ್ದರು. ಅದರ ಮುಂಭಾಗ ಉತ್ತಮನ ಹೋಟೆಲು ದಾಟಿದ ಮೇಲೂ ಹಿಂಭಾಗ ಭಾಂಡೆ ಅಂಗಡಿಯ ಮುಂದೆಯೇ ಇರುತ್ತಿತ್ತು.

ಮೊದಲು ಬಂದವನು ಶಿವರಾಜ.

"ಕಾಕಾ, ಕಾಕೂನ ಕರಿಯಾಕ ಹಳೇ ಕಾರ್ ಬೇಕಂದ್ರಂತ? ನಾ ಸತ್ತೀನೇನು?"

"ಹಂಗಲ್ಲಪ್ಪಾ..."

"ಎಂಬತ್ತಕ್ಕ ಹೊಡದ್ರ ನನ್ನ ಗಾಡಿ ಮಲಗಿರ್ತದ ಕಾಕಾ. ನೂರಕ್ಕ ಎಚ್ಚರಾಗ್ತದ. ನೂರಾ ಹತ್ತು ದಾಟಿದ್ರ ಹಾಡಾಕ ಸುರು ಮಾಡ್ತದ. ಇಲ್ಲಿ ಕ್ಯಾಸೆಟ್ ಹಾಕ್ರಿ, ಒಂದು ಮಗ್ಗಲ ಮುಗಿಯೂದ್ರಾಗ ಕಲ್ಯಾಣ. ಇನ್ನೊಂದು ಮಗ್ಗಲಕ್ಕ ತಿರುಗಿ ಹುಮನಾಬಾದ. ನಡುವ ಕಾಕೂ ಕುಂಡ್ರಾಕ ಎಷ್ಟು ಹೊತ್ತು ತಗೋತಾರೋ ಅಷ್ಟೇ ತಡ."

ಇಲ್ಲಿ ಮಹಾರುದ್ರಪ್ಪ "ಬ್ಯಾಡಪ್ಪಾ" ಅನ್ನಬಹುದಿತ್ತು. ಆದರೆ ಅವನು ಸಣ್ಣವನಿದ್ದಾಗಿನಿಂದ ಮಠದ ಪುರಾಣದಲ್ಲಿ ತಂದೆಯ ತೊಡೆಯ ಮೇಲೆ ಕುಳಿತು ಷಟ್ಪದಿ ಕೇಳಿ ಬೆಳೆದವ. ಓದುವವರು ಓದುತ್ತಿರುವಾಗ ನಡುವೆ ಬಾಯಿ ಹಾಕಿದರೆ ಪಾಪ ಬರುತ್ತದೆಂದು ಆಗಲೇ ಕಲಿತಿದ್ದ. ಪದ್ಯ ಮುಗಿಯುವ ತನಕ ಕಾಯಬೇಕು. ಶಿವರಾಜನಂಥವರ ಪದ್ಯ ಮುಗಿಯುವುದೇ ಇಲ್ಲ. ಮುಗಿದಾಗ ಶಿವರಾಜ ಹೊರಟುಹೋಗಿದ್ದ. ಕೆಂಪು ಕಾರು ಖಾತ್ರಿಯಾಗಿಬಿಟ್ಟಿತ್ತು.

ಮಾರನೆಯ ದಿನ ಅಜೀಮುದ್ದೀನ್ ಸಾಹೇಬರ ಮನೆಯಿಂದ ಕರೆ ಬಂತು. ಸಾಹೇಬರು ಬಾಗಿಲಿಗೇ ಬಂದು ಆದಾಬು ಮಾಡಿ, ದಿವಾನದ ಮೇಲೆ ಕೂರಿಸಿ, ಪಾನ್ ಕೊಟ್ಟರು.

"ಮಹಾರುದ್ರಪ್ಪಾ ಸಾಬ್, ನೀವು ಬಹೂ-ಬೇಟಿಗೆ ಕರಿಯಾಕ ಆ ಕೆಂಪು ಡಬ್ಬಿ ಒಳಗ ಹೋಗ್ತೀರಂತ ಕೇಳಿದೆ. ರಾತ್ರಿ ಊಟ ಸೇರಲಿಲ್ಲ ನನಗ."

"ಅದು ಏನಾತಂದ್ರಿ ಸಾಹೇಬ್ರ..."

"ಅದು ಓಡ್ತದ, ಖರೇ. ಕಳ್ಳನೂ ಓಡ್ತಾನ. ಓಡೂದು ಶರೀಫರ ಕೆಲಸ ಅಲ್ಲ. ನಮ್ಮ ಸವಾರಿಗೆ ಜಲ್ದಿ ಅನ್ನೋ ಮಾತು ಇವತ್ತಿನ ತನಕಾ ಯಾರೂ ಕಲಿಸಿಲ್ಲ. ಇಜ್ಜತ್ ಅಂದ್ರ ಏನ್ರಿ? ನಾಕು ಮಂದಿ ನೋಡೂತನಕಾ ಕಣ್ಣಮುಂದ ಇರೂದು. ಆ ಡಬ್ಬಿ ಕಣ್ಣಿಗೆ ಬೀಳೂದ್ರಾಗ ಹೋಗಿರ್ತದ, ಮತ್ತ ಇಜ್ಜತ್ ಎಲ್ಲಿಂದ ಬಂತು?"

ಸಾಹೇಬರು ಸವಾರಿಯನ್ನು ಬಾಡಿಗೆಗೆ ಬಿಡುತ್ತಿರಲಿಲ್ಲ. ಬೇಕಾದವರ ಲಗ್ನಕ್ಕೆ ಮಾತ್ರ ಕೊಡುತ್ತಿದ್ದರು. ಹೀಗಾಗಿ ಸುತ್ತಿನ ಹಳ್ಳಿಗಳಲ್ಲಿ ಆ ಕಾರು ಕಂಡಿತೆಂದರೆ ಮಕ್ಕಳು "ಮದುಮಗ ಬಂದ!" ಎಂದು ಓಡಿಬರುತ್ತಿದ್ದರು. ಇದನ್ನೆಲ್ಲ ಮಹಾರುದ್ರಪ್ಪ ಹೇಳಬೇಕೆಂದಿದ್ದ. ಬಾಯಲ್ಲಿ ಪಾನ್ ಇತ್ತು. ಸಾಹೇಬರ ಪದ್ಯವಂತೂ ಉರ್ದುವಿನಲ್ಲಿ ಸುರುವಾಗಿ ಕನ್ನಡದಲ್ಲಿ ತಿರುಗಿ ಮತ್ತೆ ಉರ್ದುವಿಗೆ ಹೋಗುವಂಥದ್ದು. ಅವನು ಹೊರಗೆ ಬಂದಾಗ ಕಪ್ಪು ಕಾರೂ ಖಾತ್ರಿಯಾಗಿತ್ತು.

ಸೋಮವಾರ ಸಂಜೆ ಮಠದ ಭಜನೆಯಲ್ಲಿ ಈ ಸಂಗತಿ ಎದ್ದಿತು. ಏಳದೆ ಇರುತ್ತದೆಯೇ? ನಮ್ಮ ಕಡೆಯ ಭಜನೆಯಲ್ಲಿ ಸವಾಲ್-ಜವಾಬ್ ಇದೆ. ಒಂದು ಮೇಳ ಗಂಟು ಹಾಕಿದರೆ ಇನ್ನೊಂದು ಮೇಳ ಬಿಚ್ಚಬೇಕು. ಜೀವ ದೊಡ್ಡದೋ ದೇಹ ದೊಡ್ಡದೋ ಎಂದು ನಡೆಯಬೇಕಾದ ವಾದ ಅಂದು ದಾರಿ ತಪ್ಪಿತು. ತಂಬೂರಿಯ ಸಂಗಪ್ಪಜ್ಜ ಹಳೆಯ ಕಾರಿನ ಮೇಳ ಕಟ್ಟಿದ. ಹೋಟೆಲಿನ ಉತ್ತಮ ಹೊಸದಕ್ಕೆ ನಿಂತ.

"ಸವಾಲ್!" ಎಂದ ಸಂಗಪ್ಪಜ್ಜ, ತಂಬೂರಿ ಒಮ್ಮೆ ಮೀಟಿ. "ಒಂದು ಗಾಡಿ ಬರೂಕಿಂತ ಮೊದಲ ಊರು ಎದ್ದು ನಿಂದರ್ತದ. ಇನ್ನೊಂದು ಗಾಡಿ ಹೋದ ಮ್ಯಾಲ ಊರು, 'ಏನ್ ಹೋತು ಅದು?' ಅಂತ ಕೇಳ್ತದ. ಮಾನ ಯಾವುದಕ್ಕ?"

"ಜವಾಬ್! ಒಂದು ಗಾಡಿ ಹತ್ತೂ ಮುಂದ ಕುಡಿದ ಚಹಾದ ರುಚಿ ಇಳಿಯೂ ಮುಂದನೂ ನಾಲಿಗಿ ಮ್ಯಾಲ ಇರ್ತದ. ಇನ್ನೊಂದರಾಗ ಕುಂತ್ರ ದಾರ್ಯಾಗ ಮೂರು ಕಡೆ ಚಹಾ ಕುಡಿಬೇಕು. ಶಾಣ್ಯಾ ಯಾರು?"

"ಹೋಟೆಲ್ ಇಟ್ಟಾವ್ ನೀನು. ಎರಡನೇದೇ ಛಲೋ ಅನ್ನಬೇಕಲ್ಲೋ!" ಎಂದು ಯಾರೋ ಕೂಗಿದರು. ತಾಳ ಬಿದ್ದವು.

"ಸವಾಲ್! ಸವಾರಿಯೊಳಗ ಪಟಗಾ ಸುತಗೊಂಡು ಕುಂಡ್ರಬಹುದು. ಆ ಕೆಂಪದ್ರಾಗ ಪಟಗಾ ತಗದು ತೊಡಿ ಮ್ಯಾಲ ಇಟ್ಕೋಬೇಕು. ತಲಿ ಮ್ಯಾಲಿಂದು ತೊಡಿಗಿಳಿಸೂದು ಎಂಥಾ ಕಾರೋ?"

ಉತ್ತಮ ತನ್ನ ಬೋಳುತಲೆ ಸವರಿಕೊಂಡ. ಆಗ ಹೆಂಗಸರ ಸಾಲಿನಿಂದ ಗಯಾಬಾಯಿ ಅತ್ತಿಯ ಧ್ವನಿ ಬಂತು: "ಅಲ್ರೋ, ಕಾರಿಗೆ ಕಾರು ತೂಗಾಕತ್ತೀರಿ. ಅದರಾಗ ಕುಂಡ್ರಾಕೀನ ಯಾರಾದ್ರೂ ಒಂದು ಮಾತು ಕೇಳೀರೇನು?"

ಎಲ್ಲರೂ ಆಕೆ ಮಾತಾಡಲೇ ಇಲ್ಲವೆಂಬಂತೆ ಜೋರಾಗಿ ತಾಳ ಹಾಕಿದರು.

ಕೊನೆಗೆ ಮಠದ ಅಯ್ಯನವರೇ ಪಂಚಾಂಗ ಬಿಚ್ಚಿ ತೀರ್ಪು ಕೊಟ್ಟರು. ಎರಡೂ ಕಾರು ಹೋಗಲಿ. ಹೋಗುವಾಗ ಮಹಾರುದ್ರಪ್ಪ ಹೊಸದರಲ್ಲಿ ಕೂಡಲಿ, ಬರುವಾಗ ಗಂಡ-ಹೆಂಡತಿ ಹಳೆಯದರಲ್ಲಿ ಬರಲಿ. ಗಂಡ ಒಬ್ಬನೇ ಹೋಗಿ ಕರೆಯುವುದು ಸರಿಯಲ್ಲ, ಹಿರಿಯಳಾಗಿ ಗಯಾಬಾಯಿ ಜೊತೆಗಿರಲಿ. ಮಂಗಳವಾರ, ಶುಕ್ರವಾರ ತವರಿನವರು ಮಗಳನ್ನು ಕಳಿಸುವುದಿಲ್ಲ, ಅದಕ್ಕೆ ಗುರುವಾರ. ಗುರುವಾರ ಮಧ್ಯಾಹ್ನ ಒಂದೂವರೆಯಿಂದ ಮೂರರ ತನಕ ರಾಹುಕಾಲ, ಅಷ್ಟರಲ್ಲಿ ಕಲ್ಯಾಣದೊಳಗೆ ಕಾಲಿಡಬಾರದು.

"ಉಂಡು ಒಂದಕ್ಕ ಹೊಂಡ್ರಿ," ಅಂದರು ಅಯ್ಯನವರು. "ರಾಹುಕಾಲ ದಾರ್ಯಾಗ ಕಳೀತದ. ಮೂರರ ಮ್ಯಾಲೇ ಊರು ಮುಟ್ಟತೀರಿ."

ಅಯ್ಯನವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಅವರು ಜನ್ಮವೆಲ್ಲ ಕಲ್ಯಾಣಕ್ಕೆ ಹೋದದ್ದು ಬಸ್ಸಿನಲ್ಲಿ, ಕೈಮಾಡಿದಲ್ಲೆಲ್ಲ ನಿಲ್ಲುವ ಬಸ್ಸಿನಲ್ಲಿ. ಪಂಚಾಂಗದಲ್ಲಿ ಎಲ್ಲ ಗ್ರಹಗಳ ವೇಗವಿತ್ತು. ಕೆಂಪು ಕಾರಿನ ವೇಗ ಒಂದೇ ಇರಲಿಲ್ಲ.

ಗುರುವಾರ ಎರಡೂ ಕಾರು ಮಠದ ಮುಂದಿನಿಂದ ಹೊರಟವು. ಸವಾರಿಗೆ ಸಾಹೇಬರ ಮುದಿ ಡ್ರೈವರ ಚಾಚಾ ಚೆಂಡುಹೂವಿನ ಹಾರ ಹಾಕಿದ್ದ. ಹಾರವಿಲ್ಲದೆ ಅದು ಮನೆಯಿಂದ ಹೊರಬಿದ್ದದ್ದೇ ಅವನಿಗೆ ನೆನಪಿರಲಿಲ್ಲ. ಹಿಂದಿನ ಸೀಟಿನಲ್ಲಿ ಶೇರವಾನಿ ತೊಟ್ಟು ಸಾಹೇಬರು ಒಬ್ಬರೇ ಕುಳಿತಿದ್ದರು. ಕೆಂಪು ಕಾರಿನಲ್ಲಿ ಶಿವರಾಜ ಕ್ಯಾಸೆಟ್ ಹಾಕಿದ. ಮಹಾರುದ್ರಪ್ಪ ಪಟಗಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಹಿಂದೆ ಗಯಾಬಾಯಿ ಅತ್ತಿ "ಶಿವಾ" ಅಂದಳು. ಮುಂದಿನ "ಶಿವಾ" ಅನ್ನುವಾಗ ದಾರಿಯ ರಾಜೇಶ್ವರ ಹಳ್ಳಿ ದಾಟಿತ್ತು.

ಹೆದ್ದಾರಿ ಬಿಟ್ಟು ಕಲ್ಯಾಣಕ್ಕೆ ಹೊರಳುವ ಬಂಗ್ಲಾ ನಾಕೆ ಬಂದಾಗ ಕ್ಯಾಸೆಟ್ಟಿನಲ್ಲಿ ಇನ್ನೂ ಒಂದು ಹಾಡು ಬಾಕಿ ಇತ್ತು.

"ನೋಡಿದ್ರೇನ್ ಕಾಕಾ!" ಎಂದ ಶಿವರಾಜ.

ಗಯಾಬಾಯಿ ನೋಡಿದ್ದು ಅವನ ಕೈಗಡಿಯಾರವನ್ನು. "ಏ ಹುಡುಗಾ, ನಿಂದ್ರಸೋ! ರಾಹುಕಾಲ ಹತ್ತಿ ಇನ್ನೂ ಹಲ್ಲು ತಿಕ್ಕೊಂಡಿಲ್ಲ, ಅದರ ಬಾಯಾಗೇ ಹೊಂಟೀದಿ!"

ಕೆಂಪು ಕಾರು ಕಿರ್ರೆಂದು ನಿಂತಿತು. ಅಲ್ಲಿಂದ ಕಲ್ಯಾಣ ಕೈಗೆಟುಕುವಂತಿತ್ತು. ಕಾಲಿಡುವಂತಿರಲಿಲ್ಲ.

"ಹಂಗಾರ ಇಲ್ಲೇ ಗಿಡದ ಬುಡಕ್ಕ ಕುಂಡ್ರೂಣು," ಅಂದ ಮಹಾರುದ್ರಪ್ಪ.

"ಕುಂಡ್ರೂದಾ? ಕಾಕಾ, ಇದು ನಿಂದ್ರೂ ಗಾಡಿ ಅಲ್ಲ. ನಿಂತ್ರ ಇಂಜಿನ್ ಬ್ಯಾಸರ ಮಾಡ್ಕೋತದ. ಹಿಂಗ ಹೋಗಿ ಸಾಹೇಬ್ರು ಎಲ್ಲಿದ್ದಾರ ನೋಡ್ಕೊಂಡು ಹಿಂಗ ಬರೂಣು."

ಹೋದರು. ಸಾಹೇಬರ ಸವಾರಿ ರಾಜೇಶ್ವರದ ಈಚೆಗೆ ಎದುರಾಯಿತು. ಎದುರಿಗೆ ಪರಿಚಯದವರು ಬಂದರೆ ಸಾಹೇಬರ ಮನೆತನದಲ್ಲಿ ಕಾರಿನಲ್ಲಿ ಕುಳಿತೇ ಸಲಾಮು ಮಾಡುವ ಪದ್ಧತಿ ಇಲ್ಲ. ಅದು ಬೇ-ಅದಬಿ, ಮರ್ಯಾದೆಗೇಡು. ಕಾರು ನಿಲ್ಲಿಸಿ, ಚಾಚಾ ಇಳಿದು ಬಂದು ಬಾಗಿಲು ತೆಗೆದು, ಸಾಹೇಬರು ಇಳಿದು, ಶೇರವಾನಿಯ ಗುಂಡಿ ಸರಿಮಾಡಿಕೊಂಡು, ಕೈಯನ್ನು ಹಣೆಗೆ ಒಯ್ಯಬೇಕು. ಅಷ್ಟು ಆಗುವುದರೊಳಗೆ ಕೆಂಪು ಕಾರು ಧೂಳೆಬ್ಬಿಸಿ ಹೋಗಿಯಾಗಿತ್ತು. ಸಾಹೇಬರ ಆದಾಬು ಧೂಳಿಗೆ ಬಿತ್ತು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಹೋದವರು ತಿರುಗಿ ಬಂದೇ ಬರುತ್ತಾರೆ, ಆಗ ಮುಗಿಸಿದರಾಯಿತೆಂದು ರಸ್ತೆಯ ಬದಿಗೇ ನಿಂತರು.

ಕೆಂಪು ಕಾರು ಹಿಂದಿನಿಂದ ಬಂತು. ಸಾಹೇಬರು ಕೈ ಎತ್ತಿದರು. ಮಹಾರುದ್ರಪ್ಪನೂ ಕೈ ಜೋಡಿಸಿದ. ಆದರೆ ಅವನ ಕೈ ಕೂಡುವ ಹೊತ್ತಿಗೆ ಎದುರಿಗಿದ್ದದ್ದು ಒಂದು ತೊಗರಿ ಹೊಲ.

"ಅಪ್ಪಾ ಶಿವರಾಜಾ, ಒಂದು ಕ್ಷಣ ನಿಂದ್ರಸು. ಹಿರಿಯರು ಇಳಿದು ನಿಂತಾರ."

"ಈ ಸಲ ಬ್ರೇಕ್ ತಡಾ ಆತು ಕಾಕಾ. ಮುಂದಿನ ಸಲ ನಿಂದ್ರಸ್ತೀನಿ."

ಮುಂದಿನ ಸಲವೂ ಬ್ರೇಕು ತಡವಾಯಿತು. ಅದರ ಮುಂದಿನ ಸಲ ಎದುರಿಗೆ ಬಸ್ಸು ಬಂತು. ಹೀಗೆ ಕೆಂಪು ಕಾರು ನಾಕೆಯಿಂದ ಸವಾರಿಗೆ, ಸವಾರಿಯಿಂದ ನಾಕೆಗೆ ಲಾಳಿಯಂತೆ ಓಡಾಡಿತು. ಪ್ರತಿ ಸಲವೂ ಸಾಹೇಬರು ಇಳಿದರು, ಪ್ರತಿ ಸಲವೂ ಹತ್ತಿದರು. ಅಷ್ಟು ಹೊತ್ತಿನಲ್ಲಿ ಸವಾರಿ ಮುಂದೆ ಸರಿದದ್ದು ಎರಡು ಹೊಲದಷ್ಟು. ಹೋಗಿಬರುವ ಬಸ್ಸುಗಳ ಕಿಟಕಿಗಳಲ್ಲಿ ಮುಖಗಳು ತುಂಬಿದವು.

ನಾಕೆಯಲ್ಲಿ ಜಮಾದಾರ ಕಾಶಿರಾಮ ಕೊನೆಗೊಮ್ಮೆ ಲಾಠಿ ಅಡ್ಡ ಹಿಡಿದ.

"ಏ, ನಿಂದ್ರಸ್! ಆವಾಗಿಂದ ನೋಡಾಕತ್ತೀನಿ. ಬರ್ತೀರಿ, ಕಲ್ಯಾಣದ ಕಡೆ ಮಾರಿ ಮಾಡ್ತೀರಿ, ಹೊಳ್ಳಿ ಹೋಗ್ತೀರಿ. ಏನ್ ಕಳಕೊಂಡೀರಿ?"

"ಏನಿಲ್ರಿ ಜಮಾದಾರ್ ಸಾಹೇಬ್ರ. ಹೆಂಡ್ತೀನ ಕರಿಯಾಕ ಬಂದೀನ್ರಿ," ಎಂದ ಮಹಾರುದ್ರಪ್ಪ.

"ಹೆಂಡ್ತಿ ಕಲ್ಯಾಣದಾಗ?"

"ಹೌದ್ರಿ."

"ಮತ್ತ ಹುಮನಾಬಾದ ಕಡೆ ಹೋಗಿ ಹೋಗಿ ಕರಿಯಾಕತ್ತೀರಿ?"

ಗಯಾಬಾಯಿ ತಲೆ ಹೊರಗೆ ಹಾಕಿದಳು. "ರಾಹುಕಾಲೋ ಯಪ್ಪಾ! ಮೂರಾಗೂತನಕಾ ಊರಾಗ ಹೋಗೂ ಹಂಗಿಲ್ಲ."

ಜಮಾದಾರನ ಮುಖದ ಬಣ್ಣವೇ ಬದಲಾಯಿತು. ಲಾಠಿ ಕೆಳಗೆ ಬಂತು. "ಮೊದಲ ಹೇಳಬಾರದೇನ್ ಆಯಿ? ಇಂಥಾ ಹೊತ್ತಿನ್ಯಾಗ ಗಾಡಿ ಹೊಡೀತಾರೇನು? ಇಳೀರಿ, ಇಳೀರಿ. ನೋಡ್ರಿ ಅಲ್ಲಿ, ಆ ಬೇವಿನ ಗಿಡದ ಬುಡಕ್ಕ ಕುಂತಾನಲ್ಲ, ಅವ ಆಡು ಕದ್ದಾವ. ಮೂರರ ಮ್ಯಾಲ ಹಿಡೀತೀನಂತ ಕೂಡಿಸೀನಿ. ಈಗ ಹಿಡದ್ರ ಕೇಸು ನಿಂದ್ರೂದಿಲ್ಲ."

ಆಡು ಕದ್ದವನು ಎದ್ದು ನಿಂತು ಕೈ ಮುಗಿದು, ಗಯಾಬಾಯಿಗೆ ನೆರಳಿನಲ್ಲಿ ಜಾಗ ಬಿಟ್ಟುಕೊಟ್ಟ. "ನನಗೂ ಇದೇ ಛಲೋ ಆಯಿ. ಹೊತ್ತು ನೋಡದ ಕದ್ದೆ, ಹಿಂಗಾತು," ಅಂದ.

ಮೂರು ದಾಟಿತು. ಕಳ್ಳನನ್ನು ವಿಧಿವತ್ತಾಗಿ ಹಿಡಿದದ್ದಾಯಿತು. ಸವಾರಿ ಹೊಗೆಯಾಡುತ್ತಾ ನಾಕೆಗೆ ಬಂತು. ಬೇವಿನ ಗಿಡದ ಕೆಳಗೆ ನಿಂತ ಮಹಾರುದ್ರಪ್ಪನನ್ನು ಕಂಡು ಸಾಹೇಬರು ಇಳಿದು, ಬಾಕಿ ಉಳಿದಿದ್ದ ಎಲ್ಲ ಆದಾಬುಗಳನ್ನೂ ತೀರಿಸಿದರು. ಮೆರವಣಿಗೆ ಕಲ್ಯಾಣದೊಳಗೆ ಹೊಕ್ಕಿತು.

ಲಲಿತಾಬಾಯಿಯ ತವರು ಹಳೆಯ ಓಣಿಯಲ್ಲಿ. ಸವಾರಿ ಅಲ್ಲಿ ಹಿಡಿಸುವ ಮಾತೇ ಇಲ್ಲ. ಅದು ಚೌಕದಲ್ಲಿ ನಿಂತು ಚೌಕವನ್ನೇ ತುಂಬಿತು. ಕೆಂಪು ಕಾರು ಸುರ್ರೆಂದು ಬಾಗಿಲಿಗೇ ಹೋಯಿತು. ಬಾಗಿಲ ಮುಂದೆ ಓಣಿಗೆ ಓಣಿಯೇ ನೆರೆದಿತ್ತು. ಆರತಿ ತಟ್ಟೆ ಕಾಣಲಿಲ್ಲ. ಅತ್ತೆ ಕೇಶರಬಾಯಿ ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಮಾಮಾ, ನಮ್ಮಿಂದ ಏನ್ ತಪ್ಪಾಗ್ಯದ?" ಎಂದ ನಾಗನಾಥ, ಕಾರಿನ ಬಾಗಿಲು ತೆಗೆಯುವುದರೊಳಗೇ. "ನಮ್ಮ ಸೀಮಿಗೆ ಬಂದು, ಊರ ಕಡೆ ನೋಡಿ, ಹೊಳ್ಳಿ ಹೋದ್ರಂತ. ಒಂದಲ್ಲ, ಎಷ್ಟೋ ಸಲ! ಮೊದಲನೇ ಬಸ್ಸಿನವರು ಹೇಳಿದ್ರು."

"ಅದು ನಾಗನಾಥಾ, ಏನಾತಂದ್ರ..."

"ಎರಡನೇ ಬಸ್ಸಿನವರು ಬಂದು, ಸಾಹೇಬರ ಸವಾರಿ ಹಾರ ಹಾಕ್ಕೊಂಡು ರಾಜೇಶ್ವರದ ಹಂತೇಲಿ ನಿಂತದ, ನಿಮ್ಮ ಮಾಮಾ ಅದರ ಹಿಂದ ಮುಂದ ಸುತ್ತಾಕತ್ತಾರ ಅಂದ್ರು. ಸವಾರಿ ಯಾಕ ಹೊರಗ ಬೀಳ್ತದ ಅನ್ನೂದು ಸಣ್ಣ ಹುಡುಗ್ರಿಗೂ ಗೊತ್ತದ. ರಾಜೇಶ್ವರದಾಗ ಹೆಣ್ಣು ಯಾರ ಮನಿದು ಮಾಮಾ?"

"ಶಿವ ಶಿವಾ!"

"ಮೂರನೇ ಬಸ್ಸಿನವರು," ಎಂದು ಕೇಶರಬಾಯಿ ಕಟ್ಟೆಯಿಂದಲೇ ರಾಗ ಎಳೆದಳು, "ಮದುಮಗನ್ನ ಪೋಲೀಸ್ರು ಹಿಡದು, ಆಡಿನ ಕಳ್ಳನ ಮಗ್ಗಲಕ್ಕ ಕೂಡಿಸ್ಯಾರ ಅಂದ್ರು! ಈ ವಯಸ್ಸಿನ್ಯಾಗ ಇದೇನ್ ಬುದ್ಧಿ ಅಳಿಯಾ ನಿಮಗ?"

ಮಹಾರುದ್ರಪ್ಪ ಬಾಯಿ ತೆರೆದ. ಅತ್ತೆಯ ಪದ್ಯ ನಡೆದಿತ್ತು. ಬಾಯಿ ಮುಚ್ಚಿದ. ಗಯಾಬಾಯಿಯಾದರೂ ಹೇಳಿಯಾಳೆಂದು ತಿರುಗಿದರೆ, ಆಕೆ ಪ್ಲಾಸ್ಟಿಕ್ ಹೊದಿಕೆಯ ಸೀಟಿಗೆ ಅಂಟಿಕೊಂಡು ಹೊರಬರಲಾರದೆ ಶಿವರಾಜನಿಗೆ ಬೈಯುತ್ತಿದ್ದಳು.

ಅಷ್ಟರಲ್ಲಿ ಚೌಕದಿಂದ ನಡೆದುಕೊಂಡು ಅಜೀಮುದ್ದೀನ್ ಸಾಹೇಬರು ಬಂದರು. ಓಣಿ ತಾನಾಗಿಯೇ ದಾರಿ ಬಿಟ್ಟಿತು. ಅವರು ಕೇಶರಬಾಯಿಯ ಎದುರು ಬಾಗಿ ಆದಾಬು ಮಾಡಿದರು.

"ಅಮ್ಮಾ, ಗುಸ್ತಾಖಿ ಮಾಫ್ ಮಾಡ್ರಿ. ತಪ್ಪು ಇವರದಲ್ಲ. ರಾಹುಕಾಲದಾಗ ನಿಮ್ಮ ಹೊಸ್ತಿಲಾ ತುಳೀಬಾರದಂತ ಇವರು ರೋಡಿನ ಮ್ಯಾಲ ಕಾದ್ರು. ಇವರು ಕಾಯೂ ಮುಂದ ನಾ ಸಲಾಮ್ ಮಾಡಾಕ ನಿಂತೆ. ಎಲ್ಲಾ ತಡಾ ನನ್ನ ಸಲಾಮಿಂದು. ನಿಮ್ಮ ಮಗಳಿಗೆ ಕರಿಯಾಕ ಎರಡು ಕಾರು ಬಂದಾವ. ಒಂದು ಅವಸರಕ್ಕ, ಒಂದು ಅದಬಿಗೆ."

ಎರಡು ಕಾರು! ಕೇಶರಬಾಯಿಯ ಕಣ್ಣೀರು ಎಷ್ಟು ಬೇಗ ಒಣಗಿತೆಂದರೆ ಕೆಂಪು ಕಾರೂ ನಾಚಬೇಕು. "ರಾಹುಕಾಲ ನೋಡಿ ಬಂದಾರ! ಇಂಥಾ ಅಳಿಯಗ ಏನೇನೋ ಅಂದ್ರಲ್ರೇ!" ಎಂದು ಓಣಿಯವರ ಮೇಲೆಯೇ ಹರಿಹಾಯ್ದು ಆರತಿ ತರಲು ಒಳಗೆ ಓಡಿದಳು.

ಬಾಗಿಲ ಮರೆಯಲ್ಲಿ ನಿಂತಿದ್ದ ಲಲಿತಾಬಾಯಿ ಹೊರಗೆ ಬಂದಳು. ಗಂಡನನ್ನು ನೋಡಲಿಲ್ಲ. ಕೆಂಪು ಕಾರನ್ನು ನೋಡಿದಳು. ಓಣಿಯ ತುದಿಗೆ ಹೋಗಿ ಚೌಕದಲ್ಲಿ ನಿಂತ ಸವಾರಿಯನ್ನು ನೋಡಿದಳು. ಉಳ್ಳಾಗಡ್ಡಿಯ ಮಾತಾಡಿದ್ದ ತಂಗಿಯನ್ನು, ಬಹಳ ಹೊತ್ತು, ನೋಡಿದಳು.

ಉಡಿ ತುಂಬಿದರು. ತವರಿನಿಂದ ಬರಿಗೈಯಲ್ಲಿ ಕಳಿಸುವುದುಂಟೆ? ಜೋಳದ ಚೀಲ ಬಂತು, ಶೇಂಗಾ ಬಂತು, ಮಾವಿನ ಉಪ್ಪಿನಕಾಯಿಯ ದೊಡ್ಡ ಭರಣಿ ಬಂತು, ಸುತ್ತಿದ ಗಾದಿ ಬಂತು. ಬಾಗಿಲಲ್ಲೇ ನಿಂತಿದ್ದರಿಂದ ಎಲ್ಲವನ್ನೂ ಕೆಂಪು ಕಾರಿಗೇ ತುಂಬಿದರು. ಶಿವರಾಜ ಬೇಡವೆಂದು ಹೇಳುವುದರೊಳಗೆ ಭರಣಿ ಅವನ ಮಗ್ಗುಲ ಸೀಟಿನಲ್ಲಿ ಹಿರಿಯರಂತೆ ಕುಳಿತಿತ್ತು. ನೂರಾ ಹತ್ತಕ್ಕೆ ಹಾಡುವ ಕಾರು ಭರಣಿಯ ಎಣ್ಣೆ ತುಳುಕಬಾರದೆಂದು ಚೌಕದ ತನಕ ಎತ್ತಿನ ಗಾಡಿಯ ಹಾಗೆ ಬಂತು.

ಚಾಚಾ ಸವಾರಿಯ ಬಾಗಿಲು ತೆಗೆದು ನಿಂತ. ಲಲಿತಾಬಾಯಿ ಸೆರಗು ಹೊದ್ದು, ಇಡೀ ಚೌಕ ನೋಡುತ್ತಿರುವಂತೆ ಒಳಗೆ ಕುಳಿತಳು. ಸೀಟು ಅವಳನ್ನು ಮೆಲ್ಲಗೆ ಒಳಕ್ಕೆ ತೆಗೆದುಕೊಂಡಿತು. ಕಿಟಕಿಗೆ ರೇಷ್ಮೆಯ ಪರದೆ. ಮಹಾರುದ್ರಪ್ಪ ಪಟಗಾ ಸರಿಮಾಡಿಕೊಂಡು ಅವಳ ಮಗ್ಗುಲಲ್ಲಿ ಕುಳಿತ. ಚಾಚಾ ಕೀಲಿ ತಿರುವಿದ. ಸವಾರಿ ಒಮ್ಮೆ ಕೆಮ್ಮಿತು. ಎರಡನೆಯ ಸಲ ನಿಟ್ಟುಸಿರು ಬಿಟ್ಟಿತು. ಮೂರನೆಯ ಸಲ ಏನೂ ಮಾಡಲಿಲ್ಲ.

ಚಾಚಾ ಇಳಿದು ಮುಂದಿನ ಮುಚ್ಚಳ ಎತ್ತಿ, ಕೈಯಲ್ಲಿ ಆವಿ ಸರಿಸಿ, ತಲೆ ಅಲ್ಲಾಡಿಸಿದ. "ಇವತ್ತು ಆಗಂಗಿಲ್ರಿ. ನಿಂತು ಹೊಂಟು, ನಿಂತು ಹೊಂಟು ಗರಮ್ ಆಗ್ಯಾಳ. ಈಗ ಮಲಗಸಬೇಕು. ನಾಳಿ ನೋಡೂಣು."

"ನಾಳಿ ಶುಕ್ರವಾರ!" ಎಂದು ಕೇಶರಬಾಯಿ ಚೀರಿದಳು. "ಶುಕ್ರವಾರ ಮಗಳನ್ನ ಕಳಸಂಗಿಲ್ಲ. ಉಡಿ ತುಂಬಿದ ಮ್ಯಾಲ ಹೊಳ್ಳಿ ಮನ್ಯಾಗೂ ಕರಕೊಳ್ಳಂಗಿಲ್ಲ. ಇವತ್ತೇ ಹೋಗಬೇಕವ್ವಾ, ದೀಪ ಹಚ್ಚೂದ್ರಾಗ ಗಂಡನ ಮನಿ ಹೊಸ್ತಿಲಾ ತುಳೀಬೇಕು."

ಈಗ ಶಿವರಾಜನ ಮುಖದಲ್ಲಿ ಬೆಳಕು ಬಂತು. ಅವನು ಭರಣಿಯನ್ನು ಎತ್ತಿ ನಾಗನಾಥನ ಕೈಗೆ ಕೊಟ್ಟ, ಜೋಳದ ಚೀಲ ಇಳಿಸಿದ, ಕಾರು ಚಾಲೂ ಮಾಡಿ ಸವಾರಿಯ ಬಾಗಿಲಿಗೆ ತಂದು ಹಚ್ಚಿದ. "ಬರ್ರಿ ಕಾಕೂ! ಹಿಂದ ಗಯಾಬಾಯಿ ಆಯಿ ಅಕ್ಕಡಿ ಸರೀತಾರ, ನೀವು ಇಕ್ಕಡಿ ಕುಂಡ್ರಿ. ಕಾಕಾ ಮುಂದ ಕುಂಡ್ರತಾರ. ಒಂದು ಮಗ್ಗಲ ಕ್ಯಾಸೆಟ್!"

ಲಲಿತಾಬಾಯಿ ಅಲ್ಲಾಡಲಿಲ್ಲ.

ನಾಗನಾಥ ಹೇಳಿದ. ಕೇಶರಬಾಯಿ ಹೇಳಿದಳು. ಸಾಹೇಬರು ಹೊರಗೆ ನಿಂತು, ಪರದೆಯ ಕಡೆ ಮುಖ ಮಾಡದೆ, "ಬೇಟೀ, ಮತ್ತೊಮ್ಮೆ ಹುಮನಾಬಾದದಾಗ ಕುಂಡ್ರವಂತಿ, ನಿನ್ನದೇ ಸವಾರಿ," ಅಂದರು. ಗಯಾಬಾಯಿ ಕೆಂಪು ಕಾರಿನ ಕಿಟಕಿಯಿಂದ, "ಮೂಳೀ, ಹೊತ್ತು ಮುಳುಗ್ತದ!" ಅಂದಳು. ಲಲಿತಾಬಾಯಿ ಪರದೆ ಎಳೆದುಕೊಂಡಳು.

ಒಳಗೆ ಮಬ್ಬು ಬೆಳಕಾಯಿತು. ಹೊರಗಿನ ಗದ್ದಲ ದೂರವಾಯಿತು. ಮಹಾರುದ್ರಪ್ಪ ಗಂಟಲು ಸರಿಮಾಡಿಕೊಂಡ. ಜನ್ಮದಲ್ಲಿ ಮೊದಲ ಸಲ ಮಾತು ತಾನೇ ಸುರು ಮಾಡಬೇಕಿತ್ತು.

"ಸಿಟ್ಟು ಇನ್ನೂ ಹೋಗಿಲ್ಲೇನು?"

"ಸಿಟ್ಟು ಯಾವಾಗೋ ಹೋಗ್ಯದ," ಅಂದಳು ಲಲಿತಾಬಾಯಿ, ಸಣ್ಣ ದನಿಯಲ್ಲಿ. "ನಮ್ಮ ಮಗಳು ಹುಟ್ಟಿ, ಆಕಿ ಲಗ್ನಾನೂ ಆಗಿ ಹೋತು. ನಾ ನಿಮ್ಮ ಮಗ್ಗಲಕ್ಕ ಕುಂತು ಎಲ್ಲಿಗಾದ್ರೂ ಹೋಗೀನೇನು? ಬಸ್ಸಿನ್ಯಾಗ ನಾ ಹೆಂಗಸರ ಕಡೆ, ನೀವು ಹಿಂದ ಎಲ್ಲೋ. ಚಕ್ಕಡಿಯೊಳಗ ನಿಮ್ಮ ಬೆನ್ನು ನೋಡ್ಕೋತ ಬಂದೆ. ಲಾರ್ಯಾಗ ನಡುವ ಉಳ್ಳಾಗಡ್ಡಿ ಚೀಲ. ಆ ಕೆಂಪದ್ರಾಗ ನೀವು ಮುಂದ, ನಾ ಹಿಂದ ಅತ್ತಿ ಮಗ್ಗಲಕ್ಕ. ಅತ್ತೀನ ಮಗ್ಗಲಕ್ಕ ಕುಂಡ್ರಾಕ ನಾ ಇಷ್ಟ ದಿನಾ ತವರಾಗ ಕುಂತಿದ್ದೆನೇನು?"

ಮಹಾರುದ್ರಪ್ಪ ಈ ಪದ್ಯವನ್ನು ಪೂರ್ತಿ ಕೇಳಿದ. ಹೊರಗೆ ಶಿವರಾಜ ಹಾರ್ನ್ ಹೊಡೆದ.

"ನೀ ಹೇಳೂದು ಖರೇ ಅದ," ಅಂದ ಕೊನೆಗೆ. "ಆದ್ರ ಈ ಗಾಡಿ ನಡಿಯಂಗಿಲ್ಲಲ್ಲ. ಊರೆಲ್ಲ ನಿಂತದ. ಇಳಿ, ಹೋಗೂಣು."

"ಇಳಿಯಂಗಿಲ್ಲ," ಅಂದಳು ಲಲಿತಾಬಾಯಿ, ಅವನ ಮಗ್ಗುಲಿಗೆ ಇನ್ನಷ್ಟು ಸರಿದು.